ಹದಿಮೂರನೆಯ ತಿಂಗಳಲ್ಲಿ ಸಿಕ್ಕಿಬಿದ್ದವಳು

ಹೊಗಳಿಕೆಯ ಮಾತಿಗೆ ಮರುಳಾಗಬಾರದು ಎಂದು ವುಬಾಲೆಮ್‌ಗೆ ಯಾರಾದರೂ ಮೊದಲೇ ಹೇಳಿದ್ದರೆ ಅವಳ ಮಗಳು ಅವಳ ಮಡಿಲಲ್ಲೇ ಬೆಳೆಯುತ್ತಿದ್ದಳು. ಯಾರೂ ಹೇಳಲಿಲ್ಲ. ಅದಾಮ ಪಟ್ಟಣದ ಔಷಧ ಉಗ್ರಾಣದಲ್ಲಿ ಎಲ್ಲರೂ ಅವಳನ್ನು ಹೊಗಳುವುದರಲ್ಲೇ ಇದ್ದರು.

ಆ ಉಗ್ರಾಣಕ್ಕೆ ಇಬ್ಬರು ದಾನಿಗಳಿಂದ ಎರಡು ತಂತ್ರಾಂಶ ಬಂದಿದ್ದವು. ಸುತ್ತಲಿನ ನೂರ ಎಂಬತ್ತಾರು ಆರೋಗ್ಯ ಕೇಂದ್ರಗಳು ಇಂಥ ಔಷಧ ಬೇಕೆಂದು ಬರೆದು ಕಳಿಸುವ ತಂತ್ರಾಂಶ ನಮ್ಮ ರಾಜಧಾನಿ ಆದ್ದಿಸ್ ಅಬಾಬದಲ್ಲೇ ಆದದ್ದು. ಅದಕ್ಕೆ ನಮ್ಮ ಪಂಚಾಂಗ ಮಾತ್ರ ಗೊತ್ತು. ಯಾವ ಪೆಟ್ಟಿಗೆ ಯಾವ ಲಾರಿ ಹತ್ತಬೇಕೆಂದು ಹೇಳುವ ಇನ್ನೊಂದು ಕಡಲಾಚೆಯಿಂದ ಬಂದದ್ದು. ಅದಕ್ಕೆ ಪರಂಗಿಗಳ ತಾರೀಕು ಬಿಟ್ಟು ಬೇರೆ ತಿಳಿಯದು. ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಎರಡೂ ಒಂದೇ ಸೂರಿನಡಿ ಇದ್ದವು. ಅವುಗಳ ನಡುವೆ ಮಾತು ಸಾಗಿಸಲು ಒಂದು ಅಡಾಪ್ಟರ್ ಬರೆಸಿದರು. ಈ ಕಡೆಯ ಬೇಡಿಕೆಯನ್ನು ಎತ್ತಿಕೊಂಡು, ಔಷಧದ ಹೆಸರು, ಅಳತೆ, ತಾರೀಕು ಎಲ್ಲವನ್ನೂ ಆ ಕಡೆಗೆ ಅರ್ಥವಾಗುವಂತೆ ತಿರುಗಿಸಿ ದಾಟಿಸುವ ಸಣ್ಣ ತಂತ್ರಾಂಶ ಅದು.

ಬರೆದವನೊಬ್ಬ ಪರಂಗಿ. ಒಳ್ಳೆಯವನೇ. ನಮ್ಮ ಇಂಜೆರಾ ರೊಟ್ಟಿ ತಿಂದ, ದಿನಕ್ಕೆ ಮೂರು ಸಲ ನಮ್ಮ ಕಾಫಿ, ಬುನ್ನಾ, ಕುಡಿದ, ಹೇಳಿದ ದಿನಕ್ಕೆ ಕೆಲಸ ಮುಗಿಸಿ ವಿಮಾನ ಹತ್ತಿದ. ವರ್ಷಕ್ಕೆ ಹನ್ನೆರಡು ತಿಂಗಳೆಂದು ಅವನಿಗೆ ಹೆತ್ತವರು ಹೇಳಿಕೊಟ್ಟಿದ್ದರು, ಪಾಪ. ನಮ್ಮದು ಹದಿಮೂರು. ಮೂವತ್ತು ದಿನದ ಹನ್ನೆರಡು ತಿಂಗಳು ಕಳೆದ ಮೇಲೆ ಐದೇ ದಿನದ ಪಗುಮೆ, ನಾಲ್ಕು ವರ್ಷಕ್ಕೊಮ್ಮೆ ಆರು ದಿನ, ಆಮೇಲೆ ಹೊಸ ವರ್ಷ. ಹನ್ನೆರಡನೆಯ ತಿಂಗಳು ನೆಹಾಸೆ ಮೂವತ್ತಕ್ಕೆ ಮುಗಿಯಿತು, ಮಾರನೆಯ ಬೆಳಿಗ್ಗೆ ಪಗುಮೆ ಒಂದು. ಅಂದು ಬಂದ ಬೇಡಿಕೆಗಳನ್ನೆಲ್ಲ ಅಡಾಪ್ಟರ್ ಇಂಥ ತಿಂಗಳೇ ಇಲ್ಲವೆಂದು ತಳ್ಳಿಹಾಕಿತು.

ಮಳೆಗಾಲ ಮುಗಿಯುವ ಹೊತ್ತು, ಅವಾಶ್ ಬಯಲಿನಲ್ಲಿ ಮಲೇರಿಯಾ ಏಳುವ ಹೊತ್ತು. ಆಗ ಬೇಡಿಕೆ ವಿಭಾಗದ ಗುಮಾಸ್ತೆಯಾಗಿದ್ದ ವುಬಾಲೆಮ್ ಯಾರನ್ನೂ ಕೇಳದೆ ಎರಡು ಪರದೆಗಳ ನಡುವೆ ಕೂತಳು. ಎಡಗಡೆ ಓದಿದಳು, ಬಲಗಡೆ ಟೈಪ್ ಹೊಡೆದಳು. ಐದು ದಿನ ಒಂದು ಲಾರಿಯೂ ನಿಲ್ಲಲಿಲ್ಲ. ನಿರ್ದೇಶಕರಾದ ಆತೊ ದೆಮಿಸೆ ಎಲ್ಲರನ್ನೂ ಕರೆದು, “ನೋಡ್ರಪ್ಪಾ, ಕೋಟಿ ಸುರಿದು ತಂದ ಯಂತ್ರದ ಕೈಲಿ ಆಗದ್ದನ್ನ ನಮ್ಮ ವುಬೆ ಮಾಡಿದ್ಳು” ಅಂದರು. ಚಪ್ಪಾಳೆ ಆಯಿತು. ಹೊಗಳಿ ಹೊನ್ನಶೂಲಕ್ಕೇರಿಸುವುದು ಎನ್ನುತ್ತಾರಲ್ಲ, ಅದು. ದೋಷವನ್ನು ಸರಿಪಡಿಸಿ ಎಂದು ಪರಂಗಿಗೆ ಒಂದು ಕಾಗದ ಬರೆದಿದ್ದರೆ ಆಗುತ್ತಿತ್ತು. ವುಬೆ ಇದ್ದಾಳಲ್ಲ ಎಂದು ಯಾರೂ ಬರೆಯಲಿಲ್ಲ, ಮರುವರ್ಷದ ಹೊತ್ತಿಗೆ ಅವನ ಕಂಪನಿಯೇ ಮುಚ್ಚಿತ್ತು.

ವುಬಾಲೆಮ್‌ಳ ಗಂಡ ಬೆಲಾಚೆವ್ ದೆಸ್ಸಿಯೆಯಲ್ಲಿ ಮೇಷ್ಟ್ರು. ಅದಾಮದಿಂದ ಬಸ್ಸಿನಲ್ಲಿ ಒಂದು ಇಡೀ ದಿನದ ದಾರಿ. ಮಗಳು ಲಿದೆತ್ ವರ್ಷ ತುಂಬುವ ಮೊದಲೇ ಅಪ್ಪನ ಬಳಿ ಹೋಗಿದ್ದಳು, ಸೋದರತ್ತೆ ನೋಡಿಕೊಳ್ಳುತ್ತಿದ್ದಳು. ಆರು ತಿಂಗಳಲ್ಲಿ ನಾನೂ ವರ್ಗ ಮಾಡಿಸಿಕೊಂಡು ಬಂದುಬಿಡುತ್ತೇನೆ ಎಂದು ಆಗ ತಾಯಿ ಹೇಳಿದ್ದಳು. ದೆಸ್ಸಿಯೆಯಲ್ಲೂ ಒಂದು ಉಗ್ರಾಣವಿತ್ತು, ಅಲ್ಲಿ ಜಾಗವೂ ಇತ್ತು. ಆದರೆ ಅರ್ಜಿ ಹಿಡಿದು ಹೋದಾಗಲೆಲ್ಲ ಆತೊ ದೆಮಿಸೆ ಕುರ್ಚಿ ಎಳೆದು ಕೂರಿಸಿ, ಬುನ್ನಾ ತರಿಸಿ, ಅವರಿಗೆ ಆತೊ ಎನ್ನುವಂತೆ ಇವಳಿಗೂ ಗೌರವದ ವೈಝೆರೊ ಸೇರಿಸಿ, “ವೈಝೆರೊ ವುಬಾಲೆಮ್, ಹೋಗಿ ಅಂತ ನನ್ನ ಬಾಯಲ್ಲಿ ಹೇಗೆ ಬರುತ್ತೆ? ಪಗುಮೆ ಯಾರು ನೋಡ್ಕೋತಾರೆ?” ಎನ್ನುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬುನ್ನಾ ಕುಡಿಸುವವರನ್ನು ಏನು ಮಾಡುವುದು. ಕೆಲಸ ಕಲಿಸಿ ಬಿಟ್ಟುಹೋಗೋಣವೆಂದು ಇಬ್ಬರಿಗೆ ಕಲಿಸಿದಳು. ಒಬ್ಬಳು ಮದುವೆಯಾಗಿ ಹೋದಳು, ಇನ್ನೊಬ್ಬ ಕಲಿತದ್ದನ್ನೇ ಬಂಡವಾಳ ಮಾಡಿಕೊಂಡು ರಾಜಧಾನಿಯಲ್ಲಿ ಕೆಲಸ ಹಿಡಿದ.

ಇದರ ಮೇಲೆ ಮತ್ತೊಂದು. ಲಿದೆತ್ ಹುಟ್ಟಿದ್ದು ಪಗುಮೆ ಮೂರರಂದು, ರುಫಾಯೇಲ್ ದೇವದೂತನ ಹಬ್ಬದ ದಿನ. ಅಂದು ಬೀಳುವ ಮಳೆ ಪವಿತ್ರವೆಂದು ಮಕ್ಕಳೆಲ್ಲ ಅಂಗಳಕ್ಕೆ ಓಡಿ ನೆನೆಯುತ್ತಾರೆ. ತನ್ನ ಮಗಳು ಆ ಮಳೆಯಲ್ಲಿ ನೆನೆಯುವುದನ್ನು ವುಬಾಲೆಮ್ ಒಂದು ವರ್ಷವೂ ನೋಡಿರಲಿಲ್ಲ. ಬೇರೆ ಯಾವ ದಿನ ಕೇಳಿದ್ದರೂ ರಜೆ ಸಿಗುತ್ತಿತ್ತು. ಆ ಐದು ದಿನ ಮಾತ್ರ ಸಿಗುತ್ತಿರಲಿಲ್ಲ.

ಮೂರನೆಯ ವರ್ಷ ಬೇಡಿಕೆಗಳು ಇಮ್ಮಡಿಯಾದವು, ಬೆರಳಲ್ಲಿ ಹೊಡೆದು ತೀರಿಸುವ ಮಾತಾಗಿರಲಿಲ್ಲ. ಆಗ ಅವಳಿಗೊಂದು ಉಪಾಯ ಹೊಳೆಯಿತು. ಒಂದೊಂದೇ ಕೇಂದ್ರಕ್ಕೆ ಫೋನ್ ಮಾಡಿ, “ಪಗುಮೆಯ ಐದೂ ದಿನ ತಾರೀಕಿನ ಜಾಗದಲ್ಲಿ ನೆಹಾಸೆ ಮೂವತ್ತು ಅಂತ್ಲೇ ಬರೀರಿ, ಸುಮ್ನೆ ದಾಟ್ಹೋಗುತ್ತೆ. ಯಾವ ದಿನದ್ದು ಅಂತ ನನ್ನ ಮೇಜಿನ ಫೋನಲ್ಲಿ ಹೇಳ್ಬಿಡಿ ಸಾಕು” ಅಂದಳು. ಅಡಾಪ್ಟರ್ ಒಪ್ಪಿಕೊಂಡಿತು. ನೆಹಾಸೆ ಮೂವತ್ತೆಂಬ ಒಂದೇ ದಿನದ ಮೇಲೆ ಆರು ದಿನದ ಬೇಡಿಕೆ ಬಂದು ಬೀಳುತ್ತಿತ್ತು, ಯಾವುದು ಯಾವ ದಿನದ್ದೆಂದು ಅವಳ ನೋಟುಬುಕ್ಕಿಗೆ ಮಾತ್ರ ಗೊತ್ತಿರುತ್ತಿತ್ತು. ಅಲ್ಲಿಗೆ ಅವಳಿಲ್ಲದೆ ಒಂದು ಲಾರಿಯೂ ಕದಲದಂತಾಯಿತು. ಬೋಕ ಎಂಬ ಬಯಲು ಹಳ್ಳಿಯ ನರ್ಸು ಚಾಲ್ತು ವರ್ಷವರ್ಷವೂ ತಪ್ಪದೆ ಕರೆ ಮಾಡಿ, “ವುಬೆ, ಈ ಸಲವೂ ನೆಹಾಸೆ ಮೂವತ್ತೇ ತಾನೆ? ನಮ್ಮೂರ ಸೊಳ್ಳೆಗಳಿಗೂ ಒಂಚೂರು ಹೇಳು, ಅವಕ್ಕೂ ತಾರೀಕು ಗೊತ್ತಾಗ್ಲಿ” ಎಂದು ನಗುತ್ತಿದ್ದಳು. ವುಬಾಲೆಮ್ ಕೂಡ ನಗುತ್ತಿದ್ದಳು. ತನ್ನ ಸುತ್ತ ತಾನೇ ಬೇಲಿ ಕಟ್ಟಿಕೊಳ್ಳುವವರಿಗೆ ಕಟ್ಟುವಾಗ ಅದು ಬೇಲಿಯೆಂದು ಅನಿಸುವುದಿಲ್ಲ.

ಹೀಗೆ ಲಿದೆತ್‌ಗೆ ಹತ್ತು ತುಂಬುವ ವರ್ಷ ಬಂತು. ನೆಹಾಸೆಗೆ ಹಿಂದಿನ ಹಾಮ್ಲೆ ತಿಂಗಳಲ್ಲಿ ಆದ್ದಿಸ್‌ನಿಂದ ರೊಬೆಲ್ ಎಂಬ ಇಂಜಿನಿಯರ್ ಹೊಸ ಅಡಾಪ್ಟರ್ ಬರೆಯಲು ಬಂದ. ಕಿವಿಗೆ ಸದಾ ತಂತಿ ಸಿಕ್ಕಿಸಿಕೊಂಡಿರುವ, ಆದರೆ ಕೇಳಿದ್ದನ್ನು ಮರೆಯದ ಮನುಷ್ಯ. ಮೊದಲ ದಿನವೇ ಹದಿಮೂರನೆಯ ತಿಂಗಳನ್ನು ಒಳಗೆ ಸೇರಿಸಿ ತೋರಿಸಿದ. ವುಬಾಲೆಮ್ ಪರದೆ ನೋಡುತ್ತ ಕೂತಳು. ಅವಳ ಹತ್ತು ವರ್ಷ ತಿಂದದ್ದನ್ನು ಅವನು ಮಧ್ಯಾಹ್ನದ ಊಟಕ್ಕೆ ಮುಂಚೆ ಸರಿಮಾಡಿದ್ದ. ಸಂತೋಷಪಡಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

“ಅಕ್ಕಾ, ಇನ್ನೊಂದು ಕೇಳ್ಬೇಕು,” ಅಂದ ರೊಬೆಲ್. “ನೆಟ್‌ವರ್ಕ್ ಹೋದಾಗ ಕೇಂದ್ರದವರು ಗುಂಡೀನ ಒತ್ತಿದ್ದೇ ಒತ್ತಿದ್ದು. ಒಂದೇ ಬೇಡಿಕೆ ನಾಲ್ಕು ಸಲ ಬರುತ್ತೆ. ಅದಕ್ಕೆ, ಒಂದು ಕೇಂದ್ರದಿಂದ ಒಂದೇ ತಾರೀಕಿಗೆ ಎರಡನೇದು ಬಂದ್ರೆ ಸದ್ದಿಲ್ದೆ ಎಸೆದುಬಿಡೋ ಹಾಗೆ ಬರೀತಿದೀನಿ. ಯಾರಾದ್ರೂ ನಿಜವಾಗ್ಲೂ ದಿನಕ್ಕೆ ಎರಡು ಕಳಿಸೋದುಂಟಾ?”

“ಇಲ್ಲಪ್ಪ. ದಿನಕ್ಕೆ ಒಂದೇ ಅಂತ ನಿಯಮ ಇದೆ.”

“ಗ್ಯಾರಂಟಿ ತಾನೆ?”

“ಹತ್ತು ವರ್ಷದಿಂದ ನಾನೇ ನೋಡ್ತಿಲ್ವಾ?”

ಅವಳು ಹೇಳಿದ್ದು ಸುಳ್ಳಲ್ಲ, ನಿಯಮ ಇದ್ದದ್ದೇ ಹಾಗೆ. ನೆಹಾಸೆ ಮೂವತ್ತರ ಉಪಾಯ ಯಾವ ಕಡತದಲ್ಲೂ ಇರಲಿಲ್ಲ, ಬಾಯಿಂದ ಕಿವಿಗೆ ಹೋದ ಮಾತು. ಅದೂ ಅಲ್ಲದೆ ಅವಳ ಮನಸ್ಸಾಗಲೇ ದೆಸ್ಸಿಯೆಯ ಬಸ್ಸು ಹತ್ತಿತ್ತು. ಬಿಡುಗಡೆಯ ಬಾಗಿಲು ಕಂಡವರು ಹಿಂದೆ ತಿರುಗಿ ಮನೆಯ ಮೂಲೆ ಮೂಲೆ ನೋಡುವುದಿಲ್ಲ.

ಆತೊ ದೆಮಿಸೆ ವರ್ಗದ ಆದೇಶ ಬರೆಸಿದರು, ಆದರೆ ಸಹಿ ಹಾಕಲಿಲ್ಲ. “ಪಗುಮೆ ಐದು ದಿನ ನೀವು ಊರಿಗೆ ಹೋಗಿ. ನೀವಿಲ್ದೆ ಇದು ನಡೆದ್ರೆ ಆರನೇ ದಿನ, ಹೊಸ ವರ್ಷದ ಬೆಳಿಗ್ಗೆ, ನಾನೇ ಸಹಿ ಹಾಕಿ ಫೋಟೋ ತೆಗೆದು ಕಳಿಸ್ತೀನಿ. ನಡೀದಿದ್ರೆ ವಾಪಸ್ ಬನ್ನಿ. ಆಗಬಹುದಾ?”

“ಆಗಬಹುದು,” ಅಂದಳು ವುಬಾಲೆಮ್. ಆ ಕ್ಷಣದಲ್ಲಿ ಅವರು ಏನು ಕೇಳಿದ್ದರೂ ಆಗಬಹುದು ಎನ್ನುತ್ತಿದ್ದಳು.

ನೆಹಾಸೆ ಮೂವತ್ತರ ಸಂಜೆ ಅವಳು ದೆಸ್ಸಿಯೆಯಲ್ಲಿ ಇಳಿದಾಗ ಲಿದೆತ್ ಓಡಿಬರಲಿಲ್ಲ. ಅಪ್ಪನ ಕೋಟು ಹಿಡಿದುಕೊಂಡು ನಿಂತು, ನೆಂಟರನ್ನು ಮಾತಾಡಿಸುವ ಹಾಗೆ, “ಬಸ್ಸಲ್ಲಿ ಸೀಟು ಸಿಕ್ತಾ ಎಮಾಯೆ?” ಎಂದು ಕೇಳಿದಳು. ಎಮಾಯೆ ಎಂದರೆ ನಮ್ಮಲ್ಲಿ ಅಮ್ಮ. ಎರಡು ದಿನದಲ್ಲಿ ಹುಡುಗಿ ಸ್ವಲ್ಪ ಸ್ವಲ್ಪವೇ ಹತ್ತಿರ ಬಂದಳು. ಪಗುಮೆ ಎರಡರ ಮಧ್ಯಾಹ್ನ ತಾಯಿಯ ಮುಂದೆ ಕೂತು ತಲೆ ಹೆಣೆಸಿಕೊಂಡಳು. ಸಂಜೆ ಅದಾಮದಿಂದ ಗೆಳತಿ ಝೆನೆಬೆಚ್ ಫೋನ್ ಮಾಡಿದಳು. ಉಗ್ರಾಣದ ಬೀಗದ ಕೈ ಅವಳದು.

“ವುಬೆ, ಅಡಾಪ್ಟರಿನ ತಿರಸ್ಕಾರದ ಪಟ್ಟಿ ಖಾಲಿ ಕಣೆ. ಒಂದೇ ಒಂದು ಬಿದ್ದಿಲ್ಲ. ನಿನ್ನ ಮೇಜಿನ ಫೋನು ಬಡ್ಕೊಂಡ್ರೂ ಇನ್ಯಾಕೆ ಅಂತ ಯಾರೂ ಎತ್ತೋದಿಲ್ಲ. ಆತೊ ದೆಮಿಸೆ ಅಂತೂ ಕಂಡೋರಿಗೆಲ್ಲ ತೋರಿಸ್ತಿದಾರೆ. ನೀನು ಅಲ್ಲೇ ಇರು, ನೀನಿಲ್ಲಿ ಬಿಟ್ಟುಹೋದ ಬುನ್ನಾ ಹುರಿಯೋ ಬಾಣಲೆ ನಾನು ಇಟ್ಕೋತೀನಿ.”

ಆ ರಾತ್ರಿ ವುಬಾಲೆಮ್ ಮಗಳ ಮಗ್ಗುಲಲ್ಲಿ ಹೊರಳದೆ ಮಲಗಿದಳು.

ಪಗುಮೆ ಮೂರು. ಹೊತ್ತು ಹುಟ್ಟಿ ಎರಡು ಗಂಟೆಗೆಲ್ಲ ತೋಸ ಬೆಟ್ಟದ ಮೇಲೆ ಮೋಡ ಕಟ್ಟಿತ್ತು. ಲಿದೆತ್‌ಳನ್ನು ಸಾಕಿದ ಅತ್ತಿಗೆ ದಾಬೊ ರೊಟ್ಟಿ ಬೇಯಿಸುತ್ತಿದ್ದಳು, ವುಬಾಲೆಮ್ ಬುನ್ನಾ ಹುರಿಯಲು ಕೂತಿದ್ದಳು. “ಇವತ್ತು ನಿನ್ನ ಹುಟ್ಟಿದ ದಿನ ಕಂದಾ. ಮಳೆ ಬರ್ಲಿ, ಇಬ್ರೂ ನೆನೆಯೋಣ,” ಅಂದಳು.

“ನನ್ನ ಹುಟ್ಟಿದ ದಿನ ಆಚೆಮೊನ್ನೇನೇ ಆಗ್ಹೋಯ್ತಲ್ಲ ಎಮಾಯೆ,” ಅಂದಳು ಲಿದೆತ್. “ಶಾಲೆ ಕಂಪ್ಯೂಟರಲ್ಲಿ ಪಗುಮೆ ಇಲ್ಲ. ನಂದು ನೆಹಾಸೆ ಮೂವತ್ತು ಅಂತ ಬರ್ದಿದಾರೆ. ಅಪ್ಪಾನೇ ಟೀಚರಿಗೆ ಹೇಳಿಕೊಟ್ಟಿದ್ದು, ನನ್ನ ಹೆಂಡ್ತಿ ಆಫೀಸಲ್ಲೂ ಹಾಗೇ ಮಾಡ್ತಾಳೆ ಅಂತ.”

ವುಬಾಲೆಮ್ ಗಂಡನ ಮುಖ ನೋಡಿದಳು. ಬೆಲಾಚೆವ್ ಪೆಚ್ಚಾಗಿ ನಕ್ಕ. “ಸುಲಭವಾಗುತ್ತೆ ಅಂತ...”

“ಪಗುಮೆಯವರು ನಾವು ಮೂರು ಜನ ಇದೀವಿ,” ಹುಡುಗಿ ಬೆರಳು ಮಡಚಿ ಹೇಳಿದಳು. “ಮೂರೂ ಜನಕ್ಕೆ ನೆಹಾಸೆ ಮೂವತ್ತೇ. ರಜೆ ಬಿಡೋ ದಿನ ಮೂವರನ್ನೂ ಒಟ್ಟಿಗೆ ನಿಲ್ಸಿ ಒಂದೇ ಸಲ ಚಪ್ಪಾಳೆ ಹೊಡ್ಸಿದ್ರು. ಒಂದು ತಾರೀಕಿಗೆ ಒಂದೇ ಚಪ್ಪಾಳೆಯಂತೆ. ಇನ್ನಿಬ್ರಿಗೆ ಮೋಸ ಆಯ್ತು.”

ಕಾಳು ಹುರಿಯುತ್ತಿದ್ದ ಕೈ ನಿಂತಿತು. ಒಂದು ತಾರೀಕಿಗೆ ಒಂದೇ. ಬುನ್ನಾ ಸೀದ ವಾಸನೆ ಬಂದು ಅತ್ತಿಗೆ ಕೂಗಿಕೊಂಡರೂ ಅವಳಿಗೆ ಕೇಳಿಸಲಿಲ್ಲ. ನೂರ ಎಂಬತ್ತಾರು ಕೇಂದ್ರಗಳ ಜನ ಈಗಲೂ, ಈ ಬೆಳಿಗ್ಗೆಯೂ, ಅವಳು ಹೇಳಿಕೊಟ್ಟಂತೆ ನೆಹಾಸೆ ಮೂವತ್ತು ಎಂದೇ ಬರೆಯುತ್ತಿರುತ್ತಾರೆ. ಇನ್ನು ಹಾಗೆ ಬರೆಯಬೇಡಿ ಎಂದು ಅವಳು ಯಾರಿಗೂ ಹೇಳಿಲ್ಲ. ಮೊದಲು ಬಂದದ್ದನ್ನು ಅಡಾಪ್ಟರ್ ದಾಟಿಸಿರುತ್ತದೆ, ಆಮೇಲೆ ಬಂದದ್ದನ್ನೆಲ್ಲ ಸದ್ದಿಲ್ಲದೆ ಎಸೆದಿರುತ್ತದೆ. ತಿರಸ್ಕಾರದ ಪಟ್ಟಿ ಖಾಲಿ ಇರುವುದು ಅದಕ್ಕೇ.

ಝೆನೆಬೆಚ್‌ಗೆ ಫೋನ್ ಹಚ್ಚಿದಳು. “ಝೆನೆಬೆಚ್, ಇವತ್ತು ಬೆಳಿಗ್ಗೆಯಿಂದ ಎಷ್ಟು ಬೇಡಿಕೆ ಬಂತು?”

“ಹನ್ನೊಂದು. ಹಬ್ಬದ ಮುಂಚೆ ಇಷ್ಟು ಆರಾಮ ನಾನು ಕಂಡೇ ಇಲ್ಲ. ಲಾರಿ ಡ್ರೈವರ್‌ಗಳೆಲ್ಲ ನೆರಳಲ್ಲಿ ಕೂತು ಇಸ್ಪೀಟು ಆಡ್ತಿದಾರೆ.”

ಬೇರೆ ವರ್ಷವಾದರೆ ಅಷ್ಟು ಹೊತ್ತಿಗೆ ತೊಂಬತ್ತು ದಾಟಿರುತ್ತಿತ್ತು. ವುಬಾಲೆಮ್ ಏನೂ ಹೇಳದೆ ಫೋನಿಟ್ಟು ಗಂಡನನ್ನು ಅಂಗಳಕ್ಕೆ ಕರೆದು ಎಲ್ಲವನ್ನೂ ಹೇಳಿದಳು.

ಬೆಲಾಚೆವ್ ಮಗಳಿಗೆ ಕೇಳಿಸದಂತೆ ಬಾಗಿಲು ಎಳೆದುಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ, “ಎರಡು ದಿನ ವುಬೆ. ಎರಡೇ ದಿನ ಬಾಯಿ ಮುಚ್ಕೊಂಡಿರು. ಸಹಿ ಬೀಳ್ಲಿ. ಆಮೇಲೆ ಎಲ್ರಿಗೂ ಹೇಳು,” ಅಂದ.

“ಎರಡು ದಿನ ಆದ್ಮೇಲೆ ಹಬ್ಬ. ಹಬ್ಬ ಮುಗಿದು ಲಾರಿ ಹೊರಡೋಕೆ ಮತ್ತೆ ನಾಲ್ಕು ದಿನ. ಬೋಕದಲ್ಲಿ ಈಗಲೇ ಜ್ವರ ಶುರುವಾಗಿರುತ್ತೆ.”

“ಬೋಕದ ಮಕ್ಕಳು ಲೆಕ್ಕಕ್ಕಿದ್ದಾರೆ. ನಿನ್ನ ಮಗಳು?”

ಆ ಮಾತು ಅವನ ಬಾಯಿಂದ ಬರಬಾರದಿತ್ತು, ಬಂದುಬಿಟ್ಟಿತು. ಹತ್ತು ವರ್ಷ ತಾಯಿಯ ಬದಲು ಮಗಳ ತಲೆ ಬಾಚಿದವನು, ಅವನನ್ನೂ ದೂರುವ ಹಾಗಿಲ್ಲ. ವುಬಾಲೆಮ್‌ಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ನೆಟ್‌ವರ್ಕಿನ ತಲೆಗೆ ಕಟ್ಟುತ್ತಾರೆ, ಕೇಂದ್ರದವರು ಬೈದುಕೊಂಡು ಮತ್ತೆ ಕಳಿಸುತ್ತಾರೆ. ಅವಳಿಗೆ ಬೇಕಾದದ್ದು ಬರೀ ಸುಮ್ಮನಿರುವುದು. ಕಾಲು ಗಂಟೆ ಅವಳು ಸುಮ್ಮನೇ ಇದ್ದಳು, ಅದನ್ನು ಮುಚ್ಚಿಡುವುದಿಲ್ಲ. ಆಗ ಫೋನು ಬಡಿದುಕೊಂಡಿತು. ಬೋಕದ ಚಾಲ್ತು.

“ವುಬೆ, ಮೊನ್ನೆಯಿಂದ ಮೂರು ಸಲ ಮಲೇರಿಯಾ ಮಾತ್ರೆಗೆ ಬರ್ದೆ. ನೆಹಾಸೆ ಮೂವತ್ತು ಅಂತ್ಲೇ ಹಾಕಿದೀನಿ, ನೀನು ಹೇಳ್ದಂಗೆ. ನೆಹಾಸೆ ಮೂವತ್ತರಂದೇ ಕೇಳಿದ್ದ ಬ್ಯಾಂಡೇಜು ಬಂತು, ಮಾತ್ರೆ ಲಾರಿ ಎಲ್ಲಿ ತಾಯಿ? ಬಾಗಿಲಲ್ಲಿ ಹದಿನೇಳು ಮಕ್ಕಳು ಮಲಗಿವೆ.” ಈ ಸಲ ಅವಳು ಸೊಳ್ಳೆಯ ತಮಾಷೆ ಮಾಡಲಿಲ್ಲ.

ವುಬಾಲೆಮ್ ಕಣ್ಣು ಮುಚ್ಚಿಕೊಂಡಳು. “ಚಾಲ್ತು, ಈಗಲೇ ಮತ್ತೆ ಕಳ್ಸು. ಪಗುಮೆ ಮೂರು ಅಂತ ಬರಿ.”

“ಪಗುಮೆ ಅಂತ್ಲೇ? ತಳ್ಳಿಹಾಕಲ್ವಾ?”

“ಇಲ್ಲ. ಈಗ ಅದಕ್ಕೆ ಗೊತ್ತು.”

ಆಮೇಲೆ ರೊಬೆಲ್‌ಗೆ, ಆತೊ ದೆಮಿಸೆಗೆ ಹೇಳಿದಳು. ರೊಬೆಲ್ ಬೈಯಲಿಲ್ಲ. “ಎಸೆಯೋ ನಿಯಮ ಈಗಲೇ ತೆಗೀತೀನಿ ಅಕ್ಕಾ. ಆದ್ರೆ ಹೋಗಿದ್ದು ಹೋಯ್ತು, ಅವ್ರೇ ಸರಿಯಾದ ತಾರೀಕು ಹಾಕಿ ಮತ್ತೆ ಕಳಿಸ್ಬೇಕು. ನಾನು ಕೇಳಿದ್ನಲ್ಲ ಅಕ್ಕಾ,” ಅಂದ ಅಷ್ಟೆ. ಝೆನೆಬೆಚ್ ನಾಲ್ಕು ಕೇಂದ್ರಗಳಿಗೆ ಫೋನ್ ಮಾಡಿ ಸೋತಳು. ಪಗುಮೆ ಎಂದು ಬರೆಯಿರಿ ಅಂದರೆ ಯಾರೂ ನಂಬಲೊಲ್ಲರು. ವುಬೆ ಹೇಳಲಿ, ಬರೆಯುತ್ತೇವೆ ಅಂದರಂತೆ. ಏಳು ವರ್ಷ ಒಂದೇ ಬಾಯಿ ಕೇಳಿ ರೂಢಿಯಾದವರು.

ಹಾಗಾಗಿ ಮಗಳ ಹುಟ್ಟಿದ ದಿನ ವುಬಾಲೆಮ್ ಕಿಟಕಿಯ ಬಳಿ ಫೋನ್ ಹಿಡಿದು ಕೂತಳು. ಮಧ್ಯಾಹ್ನ ಮಳೆ ಬಂತು. ಬೀದಿಯ ಮಕ್ಕಳೆಲ್ಲ ರುಫಾಯೇಲ್, ರುಫಾಯೇಲ್ ಎನ್ನುತ್ತ ಅಂಗಳಕ್ಕೆ ಹಾರಿದರು. ಲಿದೆತ್ ಬಾಗಿಲಲ್ಲಿ ನಿಂತು ತಾಯಿಯತ್ತ ನೋಡಿದಳು. ವುಬಾಲೆಮ್ ಒಂದು ನಿಮಿಷ ಎಂದು ಬೆರಳು ತೋರಿಸಿದಳು. ಆ ನಿಮಿಷ ಮುಗಿಯುವಷ್ಟರಲ್ಲಿ ಹುಡುಗಿ ಒಬ್ಬಳೇ ಹೊರಗೆ ಹೋಗಿದ್ದಳು. ಗಾಜಿನಾಚೆ ಮಗಳು ಮುಖ ಮೇಲೆತ್ತಿ, ತಾನು ಹೆಣೆದ ಜಡೆ ಬಿಚ್ಚಿಹೋಗುವಂತೆ ಕುಣಿಯುವುದನ್ನು ಅವಳು ಹತ್ತು ವರ್ಷದಲ್ಲಿ ಮೊದಲ ಸಲ ನೋಡಿದಳು, ಬಾಯಲ್ಲಿ ಮಾತ್ರ ಪಗುಮೆ ಮೂರು, ಪಗುಮೆ ಮೂರು ಅಂತಲೇ ಬರೀರಿ ಎನ್ನುತ್ತಲೇ ಇದ್ದಳು.

ಸಂಜೆಯ ಹೊತ್ತಿಗೆ ಸಿಗ್ನಲ್ ಇಲ್ಲದ ಒಂಬತ್ತು ಕೇಂದ್ರ ಬಿಟ್ಟು ಎಲ್ಲ ಮುಗಿದಿತ್ತು. ಬೋಕದ ಲಾರಿ ಹೊರಟಿತೆಂದು ಝೆನೆಬೆಚ್ ತಿಳಿಸಿದಳು. ಕೊನೆಗೆ ಆತೊ ದೆಮಿಸೆ ಕರೆ ಮಾಡಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಎಂದಿನ ಹೊಗಳಿಕೆಯೇ ಇತ್ತು.

“ವೈಝೆರೊ ವುಬಾಲೆಮ್, ನೂರಾರು ಜೀವ ಉಳಿಸಿದ್ರಿ. ನೀವೇ ಹೇಳಿ, ನಿಮ್ಮನ್ನ ಬಿಟ್ರೆ ಇದು ಯಾರಿಗೆ ಹೊಳೀತಿತ್ತು? ಕಾಗದ ಸದ್ಯ ನನ್ನ ಡ್ರಾಯರಲ್ಲೇ ಇರ್ಲಿ.”

“ಸಾರ್, ಇದೊಂದೇ ಇದ್ದದ್ದು. ಈಗ ಸರಿಹೋಯ್ತು. ಇನ್ನು ನಾನು ಬೇಡ.”

“ಇದೊಂದೇ ಅಂತ ಹಾಮ್ಲೆಯಲ್ಲೂ ಅಂದ್ಕೊಂಡಿದ್ವಿ. ನಿಮ್ಮ ತಲೇಲಿ ಇಂಥದ್ದು ಇನ್ನೆಷ್ಟಿದೆಯೋ ಯಾರಿಗೆ ಗೊತ್ತು? ನಿಮಗೇ ಗೊತ್ತಿದೆಯಾ?”

ಅವಳಿಗೂ ಗೊತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದನ್ನು ತಟ್ಟಿ ಬೀಳಿಸಿದ್ದೂ ಅವಳ ಕೈಯೇ. ಹೊಸ ವರ್ಷದ ಮಾರನೆಯ ದಿನಕ್ಕೆ ಬಸ್ಸಿನ ಟಿಕೆಟ್ ತೆಗೆಸಲು ಬೆಲಾಚೆವ್ ಕೊಡೆ ಹಿಡಿದು ಹೊರಗೆ ಹೋದ.

ಲಿದೆತ್ ತಲೆ ಒರೆಸಿಕೊಳ್ಳುತ್ತ ಬಂದು ತಾಯಿಯ ಪಕ್ಕ ಕೂತಳು. ನಿರ್ದೇಶಕರ ಮಾತು ಅವಳ ಕಿವಿಗೂ ಬಿದ್ದಿತ್ತು. ದೊಡ್ಡವರ ಹಾಗೆ ಯೋಚನೆ ಮಾಡಿ, ತಾಯಿಯ ಮೊಣಕಾಲ ಮೇಲೆ ಕೈಯಿಟ್ಟು ಹೇಳಿದಳು.

“ಎಮಾಯೆ, ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷದಿಂದ ನನ್ನ ಹುಟ್ಟಿದ ದಿನ ನೆಹಾಸೆ ಮೂವತ್ತಕ್ಕೇ ಮಾಡೋಣ. ಶಾಲೇಲೂ ಹಾಗೇ ಇದೆ. ಹಿಂದಿನ ದಿನ ಬಂದು ಆವತ್ತೇ ಹೋಗ್ಬಿಡು. ನಿಂಗೆ ಪಗುಮೆ ಸಿಕ್ಕಲ್ವಲ್ಲ.”

ಬೆಳಿಗ್ಗೆಯಿಂದ ಅಷ್ಟು ಜನಕ್ಕೆ ಪಗುಮೆ ಮೂರನ್ನು ಪಗುಮೆ ಮೂರು ಅಂತಲೇ ಬರೆಯಿರಿ ಎಂದು ಹೇಳಿ ಹೇಳಿ ವುಬಾಲೆಮ್‌ಳ ಗಂಟಲು ಕಟ್ಟಿಹೋಗಿತ್ತು. ಅದನ್ನೇ ಮಗಳಿಗೂ ಹೇಳಬೇಕೆಂದು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಹುಡುಗಿ ಅದನ್ನು ಒಪ್ಪಿಗೆಯೆಂದು ತಿಳಿದು ಅಪ್ಪ ಬಂದ ಕೂಡಲೇ ಹೇಳಲು ಎದ್ದು ಬಾಗಿಲಿಗೆ ಹೋದಳು.